ಡಯಾಬ್ಲೊ ಮೊದಲನೇ ಭಾಗ ಈಗ ಆಡಬಹುದಾ? ಮಾಲೂರಿನವರ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ

ಮಾಲೂರಿನ ಅಣ್ಣ ಕೇಳಿರೋದು ಇಷ್ಟು. ಕಾಲೇಜಿನಲ್ಲಿ ಡಯಾಬ್ಲೊ ಅನ್ನೋ ಕಂಪ್ಯೂಟರ್ ಗೇಮಿನ ಎರಡನೇ ಭಾಗ ಆಡಿದ್ದಾರೆ, ಮೊದಲನೇದನ್ನ ಮುಟ್ಟಿಲ್ಲ, ಈಗ ಆಡಬಹುದಾ ಅಂತ. ಮನೆಯಲ್ಲಿ ನಾಲ್ಕು ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಇದೆ, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಒಂದು ಗಂಟೆ ಬಿಡುವು. ಅವರ ಪ್ರಶ್ನೆಗೆ ಈಗಾಗಲೇ ಉತ್ತರ ಹಾಕಿದವರಲ್ಲಿ ಅರ್ಧ ಜನ "ಅದರಂಥ ಗೇಮ್ ಮತ್ತೆ ಬಂದೇ ಇಲ್ಲ" ಅಂದಿದ್ದಾರೆ. ಇನ್ನರ್ಧ ಜನ "ಆಮೆ ನಡಿಗೆ, ಕಥೆ ಇಲ್ಲ, ಒಂದೇ ಥರ ಗುಹೆ, ಬಿಟ್ಟಾಕಿ" ಅಂದಿದ್ದಾರೆ. ಯಾರ ಮಾತು ಕೇಳೋದು ಅನ್ನೋದು ಅವರ ಗೊಂದಲ.

ಬೈದವರು ಹೇಳಿದ್ದು ಬಹುತೇಕ ಸರಿನೇ. ಆದರೂ ತಗೊಳ್ಳಿ ಅಂತೀನಿ. ಎಂಟನೇ ಅಂತಸ್ತಿನ ತನಕ ಆಡಿ, ಆಮೇಲೆ ಬೇಜಾರಾದರೆ ಧಾರಾಳವಾಗಿ ನಿಲ್ಲಿಸಿ. ಈ ಗೇಮಿನ ಒಳ್ಳೇ ಸರಕು ಮೊದಲರ್ಧದಲ್ಲೇ ಇದೆ, ಅದನ್ನ ಬಾಯಿಬಿಟ್ಟು ಹೇಳೋರು ಕಮ್ಮಿ.

ಗೊತ್ತಿಲ್ಲದವರಿಗೆ ಎರಡು ಮಾತು. ಟ್ರಿಸ್ಟ್ರಮ್ ಅನ್ನೋ ಒಂದೇ ಒಂದು ಊರು, ಅಲ್ಲೊಂದು ಹಾಳುಬಿದ್ದ ಚರ್ಚು, ಅದರ ಕೆಳಗೆ ಹದಿನಾರು ಅಂತಸ್ತು. ಮೊದಲ ನಾಲ್ಕು ಚರ್ಚಿನದೇ, ಆಮೇಲಿನ ನಾಲ್ಕು ಶವಗಳನ್ನಿಟ್ಟ ನೆಲಮಾಳಿಗೆ, ಮುಂದಿನ ನಾಲ್ಕು ಗುಹೆ, ಕೊನೇ ನಾಲ್ಕು ನರಕ. ತಳದಲ್ಲಿ ಡಯಾಬ್ಲೊ ಅನ್ನೋ ಮಹಾರಾಕ್ಷಸ ಕೂತಿರ್ತಾನೆ. ಎರಡನೇ ಭಾಗದ ಥರ ಮರುಭೂಮಿ, ಕಾಡು ಅಂತ ಊರೂರು ಸುತ್ತೋದಿಲ್ಲ. ಇಳಿಯೋದು, ಹತ್ತಿ ಬರೋದು, ಮತ್ತೆ ಇಳಿಯೋದು, ಅಷ್ಟೇ.

ಈಗ ಆ ಆಮೆ ನಡಿಗೆ ವಿಷಯ, ಯಾಕಂದ್ರೆ ಜಗಳ ಎಲ್ಲಾ ಅದರ ಮೇಲೇ ನಡೀತಿದೆ. ಈ ಗೇಮಿನಲ್ಲಿ ಓಡೋಕೆ ಬರಲ್ಲ. ಎರಡನೇ ಭಾಗ ಆಡಿದವರ ಕೈ ಓಡೋದಕ್ಕೇ ಒಗ್ಗಿರುತ್ತೆ: ಗುಂಪು ಬಂತಾ, ಓಡು, ದೂರ ಹೋಗಿ ತಿರುಗಿ ಹೊಡಿ. ಇಲ್ಲಿ ಆ ದಾರಿ ಮುಚ್ಚಿದೆ. ಒಂದು ಬಾಗಿಲು ತೆರೆದರೆ ಒಳಗೆ ಏನಿದೆಯೋ ಅದನ್ನ ಎದುರಿಸಲೇಬೇಕು. ಅದಕ್ಕೇ ಪ್ರತಿ ಬಾಗಿಲ ಮುಂದೆ ಒಂದು ಕ್ಷಣ ಕೈ ತಡೆಯುತ್ತೆ. ಅಂತರಗಂಗೆ ಬೆಟ್ಟದ ಗುಹೆಗಳಲ್ಲಿ ಟಾರ್ಚ್ ಹಿಡಿದು ನುಸುಳಿದವರಿಗೆ ಇದು ಬೇಗ ಅರ್ಥ ಆಗುತ್ತೆ: ಬೆಳಕು ಬಿದ್ದಷ್ಟೇ ಜಾಗ ನಿಮ್ಮದು. ಗೇಮಿನಲ್ಲೂ ನಿಮ್ಮ ಆಳಿನ ಸುತ್ತ ಒಂದು ಬೆಳಕಿನ ವೃತ್ತ ಇರುತ್ತೆ, ಅದರಾಚೆ ಕತ್ತಲು. ಕತ್ತಲಲ್ಲಿ ಮೂಳೆ ಕಟಕಟ ಅಂದಿದ್ದು ಕೇಳಿಸುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ. ಹೆಡ್‌ಫೋನ್ ಹಾಕ್ಕೊಂಡು, ಲೈಟ್ ಆರಿಸಿ ಆಡಿ. ಮ್ಯಾಟ್ ಉಲ್ಮನ್ ಅವರ ಸಂಗೀತ, ಅದರಲ್ಲೂ ಊರಿನಲ್ಲಿ ಬರೋ ಆ ಗಿಟಾರ್, ಲ್ಯಾಪ್‌ಟಾಪಿನ ಸ್ಪೀಕರ್‌ನಲ್ಲಿ ಕೇಳೋದು ಅನ್ಯಾಯ.

ಹಾಗಂತ ನಿಧಾನವನ್ನೆಲ್ಲ ಸಮರ್ಥಿಸೋಕೆ ನಾನು ಹೊರಟಿಲ್ಲ. ನೆಲದ ಕೆಳಗಿನ ನಿಧಾನ ಬೇರೆ, ಊರಿನೊಳಗಿನ ನಿಧಾನ ಬೇರೆ. ಮಾಟಗಾತಿ ಏಡ್ರಿಯಾಳ ಗುಡಿಸಲು ಹೊಳೆ ದಾಟಿ ಊರಾಚೆ ಇದೆ. ಮಂತ್ರಶಕ್ತಿ ತುಂಬೋ ನೀಲಿ ಔಷಧಿ ಮುಗಿದಾಗಲೆಲ್ಲ ಅಲ್ಲಿಗೆ ಕಾಲೆಳೆದುಕೊಂಡು ಹೋಗೋದರಲ್ಲಿ ಭಯವೂ ಇಲ್ಲ, ಮಜವೂ ಇಲ್ಲ. ರಾತ್ರಿ ಒಂದು ಗಂಟೆ ಸಿಗೋರಿಗೆ ಅದು ಶುದ್ಧ ದಂಡ. ಇದಕ್ಕೆ ಪರಿಹಾರ ಇದೆ, ಕೆಳಗೆ ಬರೀತೀನಿ.

ಇದನ್ನ ಮಾಡಿದ ತಂಡದ ಹಳೇ ಹೆಸರು ಕಾಂಡೋರ್, ಆಮೇಲೆ ಅದೇ ಬ್ಲಿಝರ್ಡ್ ನಾರ್ತ್ ಆಯ್ತು. ಆ ತಂಡದ ಡೇವಿಡ್ ಬ್ರೆವಿಕ್ ಮೊದಲು ಯೋಚನೆ ಮಾಡಿದ್ದು ಚದುರಂಗದ ಥರ ಸರದಿ ಮೇಲೆ ಆಡೋ ಗೇಮು: ನೀವೊಂದು ನಡೆ, ರಾಕ್ಷಸ ಒಂದು ನಡೆ. ಗೇಮನ್ನ ಹೊರತಂದ ಬ್ಲಿಝರ್ಡ್ ಕಂಪನಿಯವರು ಒತ್ತಾಯ ಮಾಡಿದ ಮೇಲೆ ಅದನ್ನ ಸರದಿ ಇಲ್ಲದ ಹಾಗೆ ಬದಲಾಯಿಸಿದರು. 1996ರ ಕೊನೆಯಲ್ಲಿ ಬಿಡುಗಡೆ ಆಗಿದ್ದು ಆ ರೂಪ. ಆದರೆ ಹಳೇ ಅಸ್ಥಿಪಂಜರ ಒಳಗೆ ಹಾಗೇ ಉಳಿದಿದೆ. ನೆಲ ಪೂರ್ತಿ ಚೌಕಗಳು, ಒಂದು ಚೌಕದಲ್ಲಿ ಒಬ್ಬನೇ ನಿಲ್ಲಬಹುದು. ಇದನ್ನ ಯಾಕೆ ಹೇಳಿದೆ ಅಂದ್ರೆ, ಗೇಮ್ ಆಡೋ ವಿಧಾನ ಪೂರ್ತಿ ಇದರಿಂದಲೇ ಬರುತ್ತೆ. ಬಯಲಲ್ಲಿ ನಿಂತರೆ ಸುತ್ತ ಎಂಟು ಚೌಕದಿಂದ ಎಂಟು ಜನ ಹೊಡೀತಾರೆ. ಬಾಗಿಲ ಚೌಕಟ್ಟಿನೊಳಗೆ ನಿಂತರೆ ಒಬ್ಬೊಬ್ಬನೇ ಬರಬೇಕು. ಬಾಗಿಲು ತೆರೆಯಿರಿ, ಒಳಗೆ ನುಗ್ಗಬೇಡಿ, ಅವರೇ ಬರಲಿ. ಇಷ್ಟು ಅಭ್ಯಾಸ ಆಯ್ತು ಅಂದ್ರೆ "ಸುಮ್ಮನೆ ಕ್ಲಿಕ್ ಕ್ಲಿಕ್ ಮಾಡೋ ಗೇಮು" ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಲ್ಲ.

ಬುಚರ್ ಅನ್ನೋ ರಾಕ್ಷಸನ ಬಗ್ಗೆ ಎಲ್ಲರೂ ಹೇಳಿರ್ತಾರೆ. ಎರಡನೇ ಅಂತಸ್ತಿನಲ್ಲಿ ಒಂದು ಮುಚ್ಚಿದ ಕೋಣೆ, ಒಳಗೆಲ್ಲ ರಕ್ತ, ಶೂಲಕ್ಕೆ ಏರಿಸಿದ ಹೆಣಗಳು. ಬಾಗಿಲು ತೆಗೆದ ತಕ್ಷಣ "ತಾಜಾ ಮಾಂಸ" ಅಂತ ಗುಡುಗುತ್ತಾ ಮಚ್ಚು ಹಿಡಿದು ಬರ್ತಾನೆ. ಚರ್ಚಿನ ಹೊರಗೆ ಗಾಯಗೊಂಡು ಬಿದ್ದಿರೋ ಒಬ್ಬ ನಿಮಗೆ ಮೊದಲೇ ಎಚ್ಚರಿಕೆ ಹೇಳಿರ್ತಾನೆ, ಆದರೂ ಯಾರೂ ತಯಾರಾಗಿ ಹೋಗಲ್ಲ. ಬೇಗ ಹೋಗಬೇಡಿ. ಮೂರನೇ, ನಾಲ್ಕನೇ ಅಂತಸ್ತು ಸ್ವಲ್ಪ ಓಡಾಡಿ ಬಲ ಮಾಡಿಕೊಂಡು ವಾಪಸ್ ಬನ್ನಿ. ಬಿಲ್ಲು ಇದ್ದರೆ ಕಂಬಿ ಹಾಕಿದ ಗೋಡೆ ಹುಡುಕಿ. ಅವನು ಕಂಬಿಯ ಆಚೆ, ನೀವು ಈಚೆ, ಬಾಣ ಕಂಬಿ ಸಂದಿಯಿಂದ ಹೋಗುತ್ತೆ, ಮಚ್ಚು ಹೋಗಲ್ಲ. ಇದು ಮೋಸ ಅನ್ನೋರು ಅನ್ನಲಿ.

"ನಮ್ಮ ಆಟದಲ್ಲಿ ಬುಚರ್ ಬರಲೇ ಇಲ್ಲ, ಫೈಲ್ ಹಾಳಾಗಿದೆಯಾ?" ಅಂತ ಶ್ರೀನಿವಾಸಪುರದ ತಮ್ಮ ಕೇಳಿದ್ದರು. ಹಾಳಾಗಿಲ್ಲ. ಒಬ್ಬರೇ ಆಡುವಾಗ ಗೇಮು ಅಂತಸ್ತುಗಳ ನಕ್ಷೆಯ ಜೊತೆ ನೀವು ಮಾಡಬೇಕಾದ ಕೆಲಸಗಳನ್ನೂ (ಕ್ವೆಸ್ಟ್) ಚೀಟಿ ಎತ್ತಿ ಕೊಡುತ್ತೆ. ಬುಚರ್, ಆಗ್ಡನ್‌ನ ಹೋಟೆಲಿನ ಬೋರ್ಡು, ಘರ್ಬಾಡ್ ಅನ್ನೋ ರಾಕ್ಷಸ, ಈ ಮೂರರಲ್ಲಿ ಎರಡು ಮಾತ್ರ ಒಂದು ಆಟದಲ್ಲಿ ಬರುತ್ತೆ. ರಾಜ ಲಿಯೋರಿಕ್ ಬಂದರೆ ವಿಷದ ನೀರಿನ ಕೆಲಸ ಬರಲ್ಲ, ಅದು ಬಂದರೆ ಇದು ಬರಲ್ಲ. ನೀವು ಕಂಡಿದ್ದು ನಾನು ಕಂಡಿರಲ್ಲ. "ಕಥೆನೇ ಇಲ್ಲ" ಅನ್ನೋ ದೂರಿನ ಅರ್ಧ ಕಾರಣ ಇದೇ ಅಂತ ನನ್ನ ಅನಿಸಿಕೆ. ಇನ್ನರ್ಧ, ಊರಿನವರ ಹತ್ತಿರ ಯಾರೂ ನಿಂತು ಮಾತಾಡಲ್ಲ. ಕುಡುಕ ಫಾರ್ನ್‌ಹ್ಯಾಮ್ ಯಾಕೆ ಕುಡುಕ ಆದ ಅಂತ ಕೇಳಿಸಿಕೊಂಡಿದ್ದೀರಾ? ಆರ್ಚ್‌ಬಿಷಪ್ ಲಾಜರಸ್‌ನ ಮಾತು ನಂಬಿ ಅವನ ಹಿಂದೆ ನೆಲದ ಕೆಳಗೆ ಇಳಿದವರಲ್ಲಿ ಇವನೂ ಒಬ್ಬ. ಕಥೆ ಇದೆ, ತುಣುಕು ತುಣುಕಾಗಿ.

ಯಾವ ಆಳು ಆರಿಸೋದು? ವಾರಿಯರ್ ಶುರುವಿನಲ್ಲಿ ಸುಲಭ, ಕೊನೆಯಲ್ಲಿ ಕಿರಿಕಿರಿ. ಮಂತ್ರವಾದಿ ಸಾರ್ಸರರ್ ಉಲ್ಟಾ: ಮೊದಲ ಅಂತಸ್ತುಗಳಲ್ಲಿ ಉಫ್ ಅಂದರೆ ಸಾಯ್ತಾನೆ, ಫೈರ್‌ಬಾಲ್, ಮನಾ ಶೀಲ್ಡ್ ಮಂತ್ರಗಳು ಸಿಕ್ಕ ಮೇಲೆ ಅವನನ್ನ ಹಿಡಿಯೋರಿಲ್ಲ. ಯಾವ ಮಂತ್ರವನ್ನ ಯಾರು ಬೇಕಾದರೂ ಕಲೀಬಹುದು, ಎರಡನೇ ಭಾಗದ ಹಾಗೆ ಕವಲುಗಳ ನಕ್ಷೆ ಇಲ್ಲ. ಆದರೆ ವಾರಿಯರ್‌ನ ಮ್ಯಾಜಿಕ್ ಅಂಕ 50ಕ್ಕೆ ನಿಂತುಬಿಡುತ್ತೆ, ಸಾರ್ಸರರ್‌ದು 250ರ ತನಕ ಹೋಗುತ್ತೆ. ನಿಮಗೆ ನಾನು ಹೇಳೋದು ರೋಗ್, ಬಿಲ್ಲಿನವಳು. ಶುರುವಿಂದ ಕೊನೇವರೆಗೆ ಒಂದೇ ಹದ. ನರಕದ ಅಂತಸ್ತುಗಳಲ್ಲಿ ಸಕ್ಯೂಬಸ್ ಅನ್ನೋ ಹೆಣ್ಣು ಭೂತಗಳು ದೂರದಿಂದ ಹೊಡೆದು ಹಿಂದೆ ಸರೀತಾವೆ. ಕತ್ತಿ ಹಿಡಿದ ವಾರಿಯರ್, ಓಡೋಕೂ ಬರದವನು, ಅವುಗಳ ಹಿಂದೆ ಅಲೆಯೋದನ್ನ ನೋಡೋಕೆ ಆಗಲ್ಲ. ಕೊನೇ ಭಾಗವನ್ನ ಬೈದವರಲ್ಲಿ ಹೆಚ್ಚಿನವರು ವಾರಿಯರ್ ಆಡಿದವರೇ ಇರಬೇಕು.

ವಾರಿಯರ್‌ನೇ ಬೇಕು ಅಂತಿದ್ದರೆ ಒಂದು ವಿಷಯ ತಿಳ್ಕೊಳ್ಳಿ, ಗೇಮು ಇದರ ಲೆಕ್ಕವನ್ನ ಬಿಡಿಸಿ ಹೇಳಲ್ಲ. ಅಸ್ಥಿಪಂಜರ, ಜೋಂಬಿ ಇವುಗಳ ಮೇಲೆ ಕತ್ತಿ ಏಟು ಅರ್ಧಕ್ಕೆ ಇಳಿಯುತ್ತೆ, ಗದೆ ಏಟು ಒಂದೂವರೆ ಪಟ್ಟು ಆಗುತ್ತೆ. ಪ್ರಾಣಿಗಳ ಮೇಲೆ ಅದರ ಉಲ್ಟಾ. ಚರ್ಚಿನ ಅಂತಸ್ತುಗಳು ಮೂಳೆಗಳಿಂದಲೇ ತುಂಬಿವೆ, ಆದ್ದರಿಂದ ಮೊದಲು ಒಂದು ಗದೆ, ಜೊತೆಗೆ ಗುರಾಣಿ. ಆಯುಧದ ಬಾಳಿಕೆ ಸೊನ್ನೆಗೆ ಬಂದರೆ ಅದು ಮಾಯ, ಎರಡನೇ ಭಾಗದ ಥರ ಮುರಿದು ಕೈಯಲ್ಲಿ ಉಳಿಯಲ್ಲ. ವಾರಿಯರ್ ತಾನೇ ರಿಪೇರಿ ಮಾಡ್ಕೋಬಹುದು, ಆದರೆ ಪ್ರತಿ ಸಲ ಗರಿಷ್ಠ ಬಾಳಿಕೆ ಸ್ವಲ್ಪ ಕಡಿಮೆ ಆಗುತ್ತೆ. ಒಳ್ಳೇ ಸಾಮಾನನ್ನ ಕಮ್ಮಾರ ಗ್ರಿಸ್ವಲ್ಡ್‌ಗೇ ಕೊಡಿ. ಹಳದಿ ಬಣ್ಣದ ಜೋಂಬಿ ಕಂಡರೆ, ಬ್ಲ್ಯಾಕ್ ಡೆತ್ ಅಂತ ಹೆಸರಿರುತ್ತೆ, ಹತ್ತಿರ ಬಿಟ್ಟುಕೊಳ್ಳಬೇಡಿ. ಅದರ ಒಂದೊಂದು ಏಟಿಗೆ ನಿಮ್ಮ ಗರಿಷ್ಠ ಪ್ರಾಣದಲ್ಲಿ ಒಂದೊಂದು ಅಂಕ ಶಾಶ್ವತವಾಗಿ ಹೋಗುತ್ತೆ, ಯಾವ ಔಷಧಿಯೂ ವಾಪಸ್ ತರಲ್ಲ.

ಊರಲ್ಲಿ ಮರದ ಕಾಲಿನ ಹುಡುಗ ವರ್ಟ್ ಇದ್ದಾನೆ. ಅವನ ಹತ್ತಿರ ಇರೋದು ಒಂದೇ ಸಾಮಾನು, ಅದನ್ನ ತೋರಿಸೋಕೇ ಐವತ್ತು ಚಿನ್ನ ಕೀಳ್ತಾನೆ. ಕೊಳ್ಳದಿದ್ದರೆ ದುಡ್ಡು ಗೋವಿಂದ. ನಮ್ಮ ಕೋಲಾರದ ಟೊಮೆಟೊ ಮಂಡಿಯಲ್ಲಿ ಈ ವ್ಯಾಪಾರ ಮಾಡಿ ತೋರಿಸಲಿ ನೋಡೋಣ. ಆದರೂ ರೋಗ್‌ಗೆ ಒಳ್ಳೇ ಬಿಲ್ಲು ಅವನ ಹತ್ತಿರ ಸಿಗೋದುಂಟು, ಆಗಾಗ ಇಣುಕಿ. ಗುರುತು ಸಿಗದ ಸಾಮಾನನ್ನ ಕೇನ್ ಅಜ್ಜ ನೂರು ಚಿನ್ನಕ್ಕೆ ಗುರುತಿಸ್ತಾನೆ.

ಸೇವ್ ವಿಷಯದಲ್ಲಿ ಹುಷಾರು. ಒಬ್ಬ ಆಳಿಗೆ ಒಂದೇ ಸೇವ್. ಹೊಸದು ಮಾಡಿದರೆ ಹಳೇದು ಅಳಿಸಿಹೋಗುತ್ತೆ. ರಾಕ್ಷಸರ ಮಧ್ಯೆ ಪ್ರಾಣ ಹನಿಯಷ್ಟು ಉಳಿದಾಗ ಗಾಬರಿಯಲ್ಲಿ ಸೇವ್ ಒತ್ತಿದರೆ, ಮತ್ತೆ ಮತ್ತೆ ಅದೇ ಜಾಗದಲ್ಲಿ ಎದ್ದು ಅದೇ ಜಾಗದಲ್ಲಿ ಸಾಯ್ತೀರಿ. ಮೆಟ್ಟಿಲ ಹತ್ತಿರ, ಅಕ್ಕಪಕ್ಕ ಖಾಲಿ ಇದ್ದಾಗ ಮಾತ್ರ ಮಾಡಿ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರುತ್ತೆ, ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತೆ, ಅದಕ್ಕೆ ಒಂದು ಅಂತಸ್ತು ಮುಗಿದ ತಕ್ಷಣ ಸೇವ್ ಮಾಡೋ ರೂಢಿ ಇಟ್ಕೊಳ್ಳಿ.

ಗುಹೆಗಳಿಂದ ಕೆಳಗೆ ನನ್ನ ಉತ್ಸಾಹ ಇಳಿಯುತ್ತೆ. ಬಾಗಿಲುಗಳು ಮುಗಿದು ಬಯಲು ಶುರುವಾಗುತ್ತೆ, ಬಾಗಿಲ ಜೊತೆ ಆ ಅಂಜಿಕೆಯೂ ಹೋಗುತ್ತೆ. ನರಕಕ್ಕೆ ಬಂದ ಮೇಲೆ ಬರೀ ಲೆಕ್ಕಾಚಾರ: ಯಾರಿಗೆ ಯಾವ ಮಂತ್ರ ತಟ್ಟಲ್ಲ, ಔಷಧಿ ಎಷ್ಟು ಉಳಿದಿದೆ. ಹದಿನೈದರಲ್ಲಿ ಲಾಜರಸ್‌ನ ಜಾಗ ಚೆನ್ನಾಗಿದೆ, ಕೊನೇ ದೃಶ್ಯವೂ ಮನಸ್ಸಲ್ಲಿ ಉಳಿಯುತ್ತೆ. ಮಧ್ಯದ್ದು ಸಾಗಿಸಬೇಕು.

ಈಗ ಯಾವ ಕಾಪಿ ಅನ್ನೋದು. 2019ರಲ್ಲಿ ಗಾಗ್ (GOG) ಅನ್ನೋ ಆನ್‌ಲೈನ್ ಗೇಮ್ ಅಂಗಡಿಗೆ ಬಂತು, ಕಾಸು ಕೊಟ್ಟು ಅದನ್ನೇ ತಗೊಳ್ಳಿ. ಪೆನ್‌ಡ್ರೈವಲ್ಲಿ ಕೈಯಿಂದ ಕೈಗೆ ಬಂದ ಕಾಪಿಗಳಲ್ಲಿ ವೈರಸ್ ಇರೋದನ್ನ ನಮ್ಮ ಅಂಗಡಿಯಲ್ಲಿ ದಿನಾ ನೋಡ್ತೀನಿ. ಆಮೇಲೆ ಡೆವಿಲ್ಯೂಷನ್‌ಎಕ್ಸ್ ಅನ್ನೋ ಉಚಿತ ಪ್ರೋಗ್ರಾಂ ಇಳಿಸಿಕೊಳ್ಳಿ. ಅಭಿಮಾನಿಗಳು ಗೇಮಿನ ಒಳಗನ್ನ ಬಿಡಿಸಿ ಮತ್ತೆ ಬರೆದಿರೋದು, ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ನಡೆಯುತ್ತೆ. ಕೊಂಡ ಗೇಮಿನ ಫೋಲ್ಡರಿನಿಂದ ಡಯಾಬ್‌ಡ್ಯಾಟ್ ಅನ್ನೋ ದೊಡ್ಡ ಎಂಪಿಕ್ಯೂ ಫೈಲನ್ನ (DIABDAT.MPQ) ಇದರ ಫೋಲ್ಡರಿಗೆ ಹಾಕಿದರೆ ಸಾಕು. ಸೆಟ್ಟಿಂಗ್ಸ್‌ನಲ್ಲಿ ಊರೊಳಗೆ ಓಡೋದನ್ನ ಆನ್ ಮಾಡಿ, ಏಡ್ರಿಯಾಳ ಗುಡಿಸಲಿನ ಗೋಳು ಅಲ್ಲಿಗೆ ಮುಗೀತು. ಚಿನ್ನ ತಾನೇ ಎತ್ತಿಕೊಳ್ಳೋದನ್ನೂ ಆನ್ ಮಾಡಿ. ರಾಕ್ಷಸರ ಪ್ರಾಣ ತೋರಿಸೋ ಪಟ್ಟಿಯನ್ನ ಮಾತ್ರ ಆಫ್ ಇಡಿ, ಇನ್ನೆಷ್ಟು ಏಟು ಬೇಕೋ ಗೊತ್ತಿಲ್ಲದೆ ಹೊಡೆಯೋದರಲ್ಲೇ ಮಜಾ ಇರೋದು. ಮೂಲ ಗೇಮಿನಲ್ಲಿ ಸಾಮಾನು ಇಡೋ ಪೆಟ್ಟಿಗೆ ಇಲ್ಲ. ಚೀಲದಲ್ಲಿ ನಲವತ್ತು ಚೌಕ, ಚಿನ್ನವೂ ಐದು ಸಾವಿರಕ್ಕೊಂದು ಚೌಕ ತಿನ್ನುತ್ತೆ, ಜನ ದುಡ್ಡನ್ನ ಊರಿನ ಬೀದಿಯಲ್ಲಿ ರಾಶಿ ಹಾಕಿ ಹೋಗ್ತಿದ್ದರು. ಡೆವಿಲ್ಯೂಷನ್‌ಎಕ್ಸ್‌ನಲ್ಲಿ ಊರಿನ ಹೋಟೆಲಿನ ಹುಡುಗಿ ಗಿಲಿಯನ್ ಹತ್ತಿರ ಇಡೋಕೆ ಜಾಗ ಕೊಟ್ಟಿದ್ದಾರೆ.

ಗಾಗ್ ಕಾಪಿ ಜೊತೆ ಹೆಲ್‌ಫೈರ್ ಅನ್ನೋ ಹೆಚ್ಚುವರಿ ಭಾಗ ಕೂಡ ಬರುತ್ತೆ. 1997ರದ್ದು, ಮಾಡಿದ್ದು ಸಿನರ್ಜಿಸ್ಟಿಕ್ ಅನ್ನೋ ಬೇರೆ ಕಂಪನಿ. ಸನ್ಯಾಸಿ ಪಾತ್ರ ಒಂದು, ಹೊಸ ಜಾಗ ಎರಡು. ಮೊದಲ ಸಲಕ್ಕೆ ಬೇಡ.

ಕೊಳ್ಳೋ ಮುಂಚೆ ರುಚಿ ನೋಡಬೇಕು ಅಂದ್ರೆ ಡೆವಿಲ್ಯೂಷನ್‌ಎಕ್ಸ್ ಜೊತೆ ಹಳೇ ಶೇರ್‌ವೇರ್ (ಉಚಿತ ಮಾದರಿ) ಫೈಲ್ ಬಳಸಿ. ವಾರಿಯರ್ ಒಬ್ಬನೇ, ಮೊದಲ ಎರಡು ಅಂತಸ್ತು, ಕಾಸಿಲ್ಲ. ಎರಡು ರಾತ್ರಿಗೆ ಸಾಕು. ನಾಲ್ಕು ಜಿಬಿ ರ‍್ಯಾಮಿನ ಬಗ್ಗೆ ಚಿಂತೆನೇ ಬೇಡ, ವಿಂಡೋಸ್ 95ರ ಕಾಲದ ಗೇಮು. ಮೌಸ್ ಮಾತ್ರ ಒಂದು ಒಳ್ಳೇದು ತಗೊಳ್ಳಿ, ಟಚ್‌ಪ್ಯಾಡಲ್ಲಿ ಆಡಿದರೆ ನಾಲ್ಕನೇ ಅಂತಸ್ತಿಗೆ ಬೆರಳು ಊದುತ್ತೆ. ಫೈಲ್ ಹಾಕೋದರಲ್ಲಿ ಸಿಕ್ಕಿಹಾಕ್ಕೊಂಡರೆ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ. ಇಲ್ಲಾ ಕೋಲಾರಕ್ಕೆ ಮಂಡಿಗೆ ಬಂದಾಗ ಲ್ಯಾಪ್‌ಟಾಪನ್ನ ಚಾರ್ಜರ್ ಸಮೇತ ಡೂಮ್‌ಲೈಟ್ ಸರ್ಕಲ್ ಹತ್ತಿರದ ನಮ್ಮ ಅಂಗಡಿಗೆ ತನ್ನಿ, ಕಾಫಿ ಮುಗಿಯೋದರೊಳಗೆ ಹಾಕಿಕೊಡ್ತೀನಿ.