ದೇಶದಲ್ಲಿ ಅಷ್ಟು ದೊಡ್ಡ ದುರಂತ ಆದರೂ ನಮ್ಮ ಜನ ಏನೂ ಆಗಿಲ್ಲ ಅನ್ನೋ ಹಾಗೆ ಹೇಗೆ ಇರುತ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಟಿವಿಯಲ್ಲಿ ಸತ್ತವರ ಲೆಕ್ಕ ಏರುತ್ತಲೇ ಇದ್ದ ದಿನ, ಬೆಂಗಳೂರಿನ ನಿಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರೂ ಎಂದಿನ ಹಾಗೆ ನಗುತ್ತಿದ್ದರು, ಒಬ್ಬರು ಅದರ ಮೇಲೆಯೇ ಜೋಕ್ ಹೊಡೆದರು, ನಿಮಗೆ ಅನ್ನ ಇಳಿಯಲಿಲ್ಲ ಅಂತ ಬರೆದಿದ್ದೀರಿ. 'ಈ ಊರಿನ ಜನಕ್ಕೆ ಕರುಳೇ ಇಲ್ವಾ, ಅಥವಾ ನಾನೇ ಜಾಸ್ತಿ ಮಾಡ್ತಿದ್ದೀನಾ?' ಅಂತ ಕೇಳಿದ್ದೀರಿ.

ನೀವು ಜಾಸ್ತಿ ಮಾಡುತ್ತಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ಆದರೆ ಜನಕ್ಕೆ ಕರುಳಿಲ್ಲ ಅನ್ನೋದನ್ನು ಒಪ್ಪೋಕೆ ನನಗೆ ಆಗೋದಿಲ್ಲ. ಯಾಕೆ ಅಂತ ಹೇಳಬೇಕಾದರೆ 2023ರ ಜೂನ್ 2ರ ರಾತ್ರಿಯಿಂದ ಶುರು ಮಾಡಬೇಕು. ಆ ರಾತ್ರಿ ನಾನೂ ನಿಮ್ಮ ಆಫೀಸಿನವರ ಹಾಗೇ ಇದ್ದೆ.

ನಾನು ವರ್ತೂರು ಕಡೆ ಅಪಾರ್ಟ್‌ಮೆಂಟ್ ಕಟ್ಟುವ ಸೈಟೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಸಿಮೆಂಟು, ಕಂಬಿ, ಟೈಲ್ಸ್, ಕೆಲಸದ ಸಾಮಾನು, ಎಲ್ಲದರ ಲೆಕ್ಕ ನನ್ನದು. ಅವತ್ತು ಶುಕ್ರವಾರ. ಸಿದ್ದರಾಮಯ್ಯ ಸರ್ಕಾರ ಸಂಪುಟ ಸಭೆ ಮಾಡಿ ಐದು ಗ್ಯಾರಂಟಿ ಘೋಷಿಸಿದ ದಿನ. ನಮ್ಮದು ಬಾಡಿಗೆ ಮನೆ. 200 ಯೂನಿಟ್ ಕರೆಂಟು ಬಾಡಿಗೆಯವರಿಗೂ ಫ್ರೀನಾ, ಅಥವಾ ಓನರ್‌ಗೆ ಮಾತ್ರಾನಾ ಅಂತ ನಾನೂ ನನ್ನ ಹೆಂಡತಿಯೂ ಟಿವಿ ಮುಂದೆ ಕೂತಿದ್ದೆವು. ಕೆಳಗಿನ ಪಟ್ಟಿಯಲ್ಲಿ 'ಒಡಿಶಾದಲ್ಲಿ ರೈಲು ಅಪಘಾತ' ಅಂತ ಹೋಗುತ್ತಿತ್ತು. ಮೂವತ್ತು ಜನ ಅಂದರು. ಸ್ವಲ್ಪ ಹೊತ್ತಿಗೆ ಐವತ್ತು ಅಂದರು. 'ಅಯ್ಯೋ ಪಾಪ' ಅಂದೆ. ಕರೆಂಟ್ ಬಿಲ್ಲಿನ ಸುದ್ದಿ ಬೇರೆ ಯಾವ ಚಾನೆಲ್‌ನಲ್ಲಿ ಬರುತ್ತಿದೆ ಅಂತ ಹುಡುಕಿದೆ. ಚಪಾತಿ ತಿಂದೆ, ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಸತ್ತವರ ಸಂಖ್ಯೆ ಇನ್ನೂರು ದಾಟಿತ್ತು.

ನಡೆದದ್ದು ಇಷ್ಟು. ಬಾಲೇಶ್ವರ ಜಿಲ್ಲೆಯ ಬಹನಾಗಾ ಬಜಾರ್ ಅನ್ನೋ ಸಣ್ಣ ಸ್ಟೇಷನ್. ಸಂಜೆ ಸುಮಾರು 7 ಗಂಟೆ. ಚೆನ್ನೈಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಹಳಿಯಲ್ಲಿ ನೇರವಾಗಿ ಹೋಗಬೇಕಿತ್ತು. ಪಕ್ಕದ ಲೂಪ್ ಹಳಿಗೆ ತಿರುಗಿ, ಅಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಅದೇ ವೇಗದಲ್ಲಿ ಹೊಡೆಯಿತು. ಸಿಗ್ನಲ್ ವೈರಿಂಗ್‌ನಲ್ಲಿ ಆದ ತಪ್ಪು ಅಂತ ಆಮೇಲೆ ತನಿಖೆಯಲ್ಲಿ ಬಂತು. ಕೋರಮಂಡಲ್‌ನ ಬೋಗಿಗಳು ಹಾರಿ ಪಕ್ಕದ ಹಳಿಗೆ ಬಿದ್ದವು. ಆ ಹಳಿಯಲ್ಲಿ ಅದೇ ಹೊತ್ತಿಗೆ ದಾಟುತ್ತಿದ್ದ ಇನ್ನೊಂದು ರೈಲಿನ ಹಿಂದಿನ ಬೋಗಿಗಳಿಗೆ ತಗುಲಿದವು. ಒಟ್ಟು 290ಕ್ಕೂ ಹೆಚ್ಚು ಜನ ಸತ್ತರು.

ಆ ಇನ್ನೊಂದು ರೈಲು ನಮ್ಮೂರಿನದು. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಜೂನ್ 1ರಂದು ಹೌರಾ ಕಡೆ ಹೊರಟ ರೈಲು. ಏರ್‌ಪೋರ್ಟ್ ಇದ್ದ ಹಾಗಿದೆ ಅಂತ ನಾವೆಲ್ಲ ಫೋಟೋ ತೆಗೆದುಕೊಂಡೆವಲ್ಲ, ಅದೇ ಸ್ಟೇಷನ್.

ಶನಿವಾರ ಬೆಳಿಗ್ಗೆ ಸೈಟಿಗೆ ಹೋದರೆ ಲೇಬರ್ ಶೆಡ್‌ನಲ್ಲಿ ಯಾರೂ ಕೆಲಸಕ್ಕೆ ಇಳಿದಿರಲಿಲ್ಲ. ಎಲ್ಲರ ಕೈಯಲ್ಲೂ ಫೋನು. ಅಡುಗೆ ಮಾಡುವ ಒಲೆ ಹಚ್ಚಿರಲಿಲ್ಲ. ನಮ್ಮಲ್ಲಿ ಟೈಲ್ಸ್ ಹಾಕುವವರು ಬಹಳ ಜನ ಪಶ್ಚಿಮ ಬಂಗಾಳದ ಮೇದಿನಿಪುರದ ಕಡೆಯವರು. ಊರಿಗೆ ಹೋಗುವಾಗ ಇದೇ ರೈಲು ಹತ್ತಿ ಖರಗ್‌ಪುರದಲ್ಲಿ ಇಳಿಯುತ್ತಾರೆ. ಅವರಲ್ಲಿ ಒಬ್ಬ ಹುಡುಗ ಅಪಘಾತವಾದ ಆ ರೈಲಿನಲ್ಲಿದ್ದ. ಹೆಸರು ಬರೆಯೋದಿಲ್ಲ, ಅವನ ಮನೆಯವರನ್ನು ಕೇಳಿಲ್ಲ. ಇಪ್ಪತ್ತೆರಡು ವರ್ಷ ಇರಬಹುದು.

ನಾನು ಸ್ಟೋರಿಗೆ ಹೋಗಿ ರಿಜಿಸ್ಟರ್ ತೆಗೆದೆ. ಮೇ 31, ಸಂಜೆ. ಅವನು ವಾಪಸ್ ಕೊಟ್ಟ ಸಾಮಾನು ಒಂದೊಂದೇ ಸಾಲಿನಲ್ಲಿ ಇತ್ತು. ಗ್ರೈಂಡರ್ ಒಂದು. ರಬ್ಬರ್ ಸುತ್ತಿಗೆ ಒಂದು. ರಸಮಟ್ಟ ಒಂದು. ಹೆಲ್ಮೆಟ್ ನಂಬರ್ 47. ರಸಮಟ್ಟಕ್ಕೆ ಅಂಟಿದ್ದ ಸಿಮೆಂಟನ್ನೆಲ್ಲ ಕೆರೆದು, ಒರೆಸಿ ತಂದಿದ್ದ. ಹಾಗೆ ಯಾರೂ ತರೋದಿಲ್ಲ. 'ಸಾರ್, ಹದಿನೈದು ದಿನ. ಬರ್ತೀನಿ. ನಲವತ್ತೇಳು ಬೇರೆ ಯಾರಿಗೂ ಕೊಡಬೇಡಿ' ಅಂದಿದ್ದ. ಕೊನೆಯ ಕಾಲಂನಲ್ಲಿ ಬಂಗಾಳಿಯಲ್ಲಿ ಸಹಿ ಹಾಕಿದ್ದ. ನನಗೆ ಓದೋಕೆ ಬರಲ್ಲ ಅಂತ ಪಕ್ಕದಲ್ಲಿ ನಾನೇ ಕನ್ನಡದಲ್ಲಿ ಅವನ ಹೆಸರು ಬರೆದುಕೊಂಡಿದ್ದೆ.

ಅವನ ಚಿಕ್ಕಪ್ಪನ ಮಗ ನಮ್ಮಲ್ಲೇ ಗಾರೆ ಕೆಲಸಕ್ಕೆ ಇದ್ದ. ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬೈಯಪ್ಪನಹಳ್ಳಿಗೆ ಹೋದೆ. ಸ್ಟೇಷನ್ನಿನಲ್ಲಿ ಸಹಾಯದ ಮೇಜು ಹಾಕಿದ್ದರು. ಅಲ್ಲಿದ್ದವರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು. ಟಿಕೆಟ್ ನಂಬರ್ ಕೇಳಿದರು. ಜನರಲ್ ಬೋಗಿ ಅಂದೆವು. ಅವರು ಪೆನ್ನು ಕೆಳಗಿಟ್ಟರು. ರಿಸರ್ವೇಷನ್ ಇದ್ದವರ ಪಟ್ಟಿ ಇತ್ತು. ಜನರಲ್ ಟಿಕೆಟ್ಟಿನ ಮೇಲೆ ಹೆಸರೇ ಇರೋದಿಲ್ಲ, ಪಟ್ಟಿ ಎಲ್ಲಿಂದ ಬರಬೇಕು? ನಮ್ಮ ರೈಲಿನಲ್ಲಿ ಪೆಟ್ಟು ಬಿದ್ದದ್ದು ಹಿಂದಿನ ಬೋಗಿಗಳಿಗೆ, ಜನರಲ್ ಇದ್ದದ್ದೂ ಅಲ್ಲೇ. ಆ ಹುಡುಗ ಆ ಬೋಗಿ ಹತ್ತಿದ್ದ ಅನ್ನೋದಕ್ಕೆ ನಮ್ಮ ಹತ್ತಿರ ಇದ್ದದ್ದು ನನ್ನ ರಿಜಿಸ್ಟರ್ ಮತ್ತು ಅವನು ಹೊರಡುವಾಗ ಚಿಕ್ಕಪ್ಪನ ಮಗನಿಗೆ ಮಾಡಿದ ಒಂದು ಫೋನು. ಇಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಎರಡು ಮೂರು ದಿನದಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳನ್ನು ಹೇಳುತ್ತೇನೆ. ಯಾವುದನ್ನೂ ದೊಡ್ಡದು ಮಾಡಿ ಹೇಳುತ್ತಿಲ್ಲ. ಸೈಟಿನಲ್ಲಿ ಒಬ್ಬರು, 'ಎಷ್ಟು ಜನ ಬಂದಿಲ್ಲ ಇವತ್ತು? ಹೀಗಾದ್ರೆ ಮೂರನೇ ಫ್ಲೋರ್ ಯಾವಾಗ ಮುಗಿಯೋದು?' ನಮ್ಮ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು, 'ಕನ್ನಡದವರು ಯಾರೂ ಇಲ್ವಂತೆ, ಸದ್ಯ.' ಅದರ ಕೆಳಗೇ ಗುಲಾಬಿ ಹೂವಿನ ಶುಭೋದಯ. ಇನ್ನೊಬ್ಬರು ಹಳಿ ಪಕ್ಕದ ಒಂದು ಬಿಳಿ ಕಟ್ಟಡದ ಫೋಟೋ ಹಾಕಿ, ಅದು ಮಸೀದಿ, ಅವತ್ತು ಶುಕ್ರವಾರ, ಅರ್ಥ ಮಾಡ್ಕೊಳ್ಳಿ ಅಂತ ಬರೆದರು. ಅದು ಇಸ್ಕಾನ್ ದೇವಸ್ಥಾನ. ಇಂಥ ಸುಳ್ಳು ಹಬ್ಬಿಸಿದರೆ ಕ್ರಮ ತಗೊಳ್ಳುತ್ತೇವೆ ಅಂತ ಒಡಿಶಾ ಪೊಲೀಸರೇ ಹೇಳಬೇಕಾಯಿತು. ಹೆಣಗಳ ಗುರುತು ಹಿಡಿಯೋಕೂ ಮುಂಚೆ ಜನ ಈ ಕೆಲಸಕ್ಕೆ ಇಳಿದಿದ್ದರು. ಇದು ನಿರ್ಲಕ್ಷ್ಯ ಅಲ್ಲ, ಇದು ಬೇರೆಯೇ. ಇದನ್ನು ನಾನು ಕ್ಷಮಿಸೋಕೆ ತಯಾರಿಲ್ಲ.

ಉಳಿದವರ ವಿಷಯ ಹಾಗಲ್ಲ. ಕಳಸದಿಂದ ಸಮ್ಮೇದ ಶಿಖರ್ಜಿಗೆ ಹೊರಟಿದ್ದ ಸುಮಾರು 110 ಯಾತ್ರಿಕರು ಅದೇ ರೈಲಿನಲ್ಲಿದ್ದರು, ಎಲ್ಲರೂ ಕ್ಷೇಮ ಅಂತ ಸುದ್ದಿ ಬಂದಾಗ ನನಗೂ ಸಮಾಧಾನ ಆಯಿತು. ಅದರಲ್ಲಿ ತಪ್ಪೇನಿಲ್ಲ ಅಲ್ವಾ? 'ನಮ್ಮವರು ಯಾರಾದರೂ ಇದ್ದಾರಾ?' ಅಂತಲೇ ಮೊದಲು ಬಾಯಿಗೆ ಬರುತ್ತದೆ. ಇಲ್ಲ ಅಂತ ಉತ್ತರ ಬಂದ ಕೂಡಲೇ ಟಿವಿ ಆರಿಸಿಬಿಡುತ್ತೇವೆ, ಕೆಟ್ಟದ್ದು ಶುರುವಾಗೋದು ಅಲ್ಲಿ. ನಮ್ಮ ಮನೆಯ ಟೈಲ್ಸ್ ಹಾಕಿದವನು, ನಮ್ಮ ಏರಿಯಾದ ಮೋರಿ ತೆಗೆದವನು, ಹೋಟೆಲ್‌ನಲ್ಲಿ ತಟ್ಟೆ ತೊಳೆದವನು 'ನಮ್ಮವನು' ಅನ್ನೋ ಲೆಕ್ಕಕ್ಕೆ ಬರೋದೇ ಇಲ್ಲ. ಹತ್ತು ವರ್ಷ ಇಲ್ಲೇ ದುಡಿದಿದ್ದರೂ ಬರೋದಿಲ್ಲ.

ಇದು ಬರೀ ಭಾಷೆಯ ವಿಷಯ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. 2025ರ ಜೂನ್ 4ರಂದು ಆ ಲೆಕ್ಕ ತಪ್ಪಾಯಿತು. ಆರ್‌ಸಿಬಿ ಗೆದ್ದ ಸಂಭ್ರಮಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನ ಹತ್ತಿರ ನೂಕುನುಗ್ಗಲಾಗಿ 11 ಜನ ಸತ್ತರು. ಹೆಚ್ಚಿನವರು ಹುಡುಗ ಹುಡುಗಿಯರು. ನಮ್ಮ ಊರು, ನಮ್ಮ ಮಕ್ಕಳು. ಹೊರಗೆ ಅಷ್ಟು ಆದ ಮೇಲೂ ಒಳಗೆ ಸಂಭ್ರಮ ನಡೆಯಿತು. ಮಾರನೇ ದಿನ ಬಸ್ಸಿನಲ್ಲಿ ಕೇಳಿದ ಮಾತು: 'ಯಾರು ಹೋಗು ಅಂದ್ರು? ಮನೇಲಿ ಟಿವಿ ಇರಲಿಲ್ವಾ?' ಅವರದೇ ತಪ್ಪು ಅಂದುಕೊಂಡರೆ, ಅಂಥ ತಪ್ಪು ಮಾಡದ ನನಗೂ ನನ್ನ ಮಕ್ಕಳಿಗೂ ಏನೂ ಆಗೋದಿಲ್ಲ ಅನ್ನೋ ಧೈರ್ಯ ಬರುತ್ತದೆ. ಜನ ಹೀಗೆ ಮಾತಾಡೋದು ಹೆದರಿಕೆಯಿಂದ ಅಂತ ನನಗೆ ಅನ್ನಿಸುತ್ತದೆ. ಹೆದರಿಕೆ ಅಂತ ಗೊತ್ತಾದ ಮೇಲೆ ಅವರ ಮೇಲಿನ ಸಿಟ್ಟು ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗೋದಿಲ್ಲ.

ಇದೇ ಜನ ಬೇರೆ ಥರಾನೂ ಇದ್ದದ್ದನ್ನು ನೋಡಿದ್ದೇನೆ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರು ತೀರಿಕೊಂಡರು. ಅವರಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಒಬ್ಬರು. ಬೆಂಗಳೂರಿಗೆ ತಂದ ಅವರ ದೇಹವನ್ನು ಮೈಸೂರು ರಸ್ತೆಯಲ್ಲಿ ಊರಿಗೆ ಒಯ್ದ ದಿನ ದಾರಿಯಲ್ಲಿ ಜನ ಗಂಟೆಗಟ್ಟಲೆ ಕಾದು ನಿಂತಿದ್ದರು. ಯಾರೂ ಕರೆದಿರಲಿಲ್ಲ. ಅವರಿಗೆ ಒಂದು ಹೆಸರು ಗೊತ್ತಿತ್ತು, ಒಂದು ಮುಖ ಗೊತ್ತಿತ್ತು, ಒಂದು ಊರು ಗೊತ್ತಿತ್ತು.

ಬಹನಾಗಾದಲ್ಲಿ ಸತ್ತವರ ಹೆಸರು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಲ್ಲಿನ ಊರಿನವರಿಗೂ ಹೆಸರು ಗೊತ್ತಿರಲಿಲ್ಲ ಅನ್ನೋದು ನಿಜ. ಆದರೆ ಅವರ ಕಣ್ಣ ಮುಂದೆ ಮನುಷ್ಯರಿದ್ದರು. ಕತ್ತಲಲ್ಲಿ ಮೊಬೈಲ್ ಲೈಟ್ ಹಿಡಿದು ಬೋಗಿಯಿಂದ ಜನರನ್ನು ಎಳೆದವರು ಅವರು. ಅದೇ ರಾತ್ರಿ ಬಾಲೇಶ್ವರದ ಆಸ್ಪತ್ರೆಯಲ್ಲಿ ರಕ್ತ ಕೊಡೋಕೆ ಉದ್ದ ಸಾಲು ನಿಂತಿತ್ತು. ಊರಿನ ಹೈಸ್ಕೂಲಿನಲ್ಲಿ ಹೆಣಗಳನ್ನು ಇಟ್ಟಿದ್ದರು. ಆಮೇಲೆ ಮಕ್ಕಳು ಆ ಕೋಣೆಗಳಿಗೆ ಬರೋಕೆ ಹೆದರಿದ್ದರಿಂದ ಆ ಹಳೇ ಕಟ್ಟಡವನ್ನೇ ಕೆಡವಿದರು.

ದರ್ಶಿನಿಯಲ್ಲಿ ನಡೆದದ್ದನ್ನು ಹೇಳಲೇಬೇಕು. ಭಾನುವಾರ ಬೆಳಿಗ್ಗೆ, ಸೈಟಿನ ಎದುರು. ನಿಂತು ಕಾಫಿ ಕುಡಿಯುತ್ತಿದ್ದೆ. ಪಕ್ಕದ ಟೇಬಲ್‌ನಲ್ಲಿ ಮೂವರು, ಎಲ್ಲರೂ ಆ ಏರಿಯಾದವರೇ. ಸತ್ತವರಿಗೆ ರೈಲ್ವೆಯವರು 10 ಲಕ್ಷ ಕೊಡುತ್ತಾರೆ ಅಂತ ಪೇಪರಿನಲ್ಲಿ ಬಂದಿತ್ತು. ಒಬ್ಬರು, 'ಬದುಕಿದ್ದಿದ್ರೆ ಇಷ್ಟು ನೋಡ್ತಿದ್ರಾ ಅವ್ರು? ಲಾಟರಿ ಬಿಡಿ' ಅಂದರು. ಇನ್ನಿಬ್ಬರು ನಕ್ಕರು.

ನನ್ನ ಕೈ ನಡುಗುತ್ತಿತ್ತು. ಜಗಳ ಆಡಬೇಕು ಅನ್ನಿಸಿತು. ಬಾಯಿಂದ ಬಂದದ್ದು ಬೇರೆ. ಎದುರಿನ ಬಿಲ್ಡಿಂಗ್ ತೋರಿಸಿ, 'ಸಾರ್, ಆ ಮೂರನೇ ಫ್ಲೋರ್ ಬಾಲ್ಕನಿ ಇದೆಯಲ್ಲ, ಅದರ ಟೈಲ್ಸ್ ಹಾಕಿದ ಹುಡುಗ ಆ ರೈಲಿನಲ್ಲಿದ್ದ. ಇನ್ನೂ ಸಿಕ್ಕಿಲ್ಲ. ನೀವು ಅವನನ್ನ ಇಲ್ಲೇ ನೋಡಿರ್ತೀರಿ, ಸಂಜೆ ಬನ್ ತಗೊಳ್ಳೋಕೆ ಬರ್ತಿದ್ದ' ಅಂದೆ.

ಮೂವರೂ ಆ ಬಾಲ್ಕನಿ ಕಡೆ ನೋಡಿದರು. ಲಾಟರಿ ಅಂದವರು ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಬಿಟ್ಟು, 'ಯಾವೂರು ಅವಂದು?' ಅಂತ ಕೇಳಿದರು. ಹೇಳಿದೆ. 'ಮದುವೆ ಆಗಿತ್ತಾ?' ಇಲ್ಲ ಅಂದೆ. ಕ್ಯಾಶ್‌ನಲ್ಲಿ ಕೂತಿದ್ದವರು ಅಲ್ಲಿಂದಲೇ, 'ತೆಳ್ಳಗೆ, ಕೆಂಪು ಟೀ ಶರ್ಟಿನ ಹುಡುಗಾನಾ?' ಅಂದರು. ಅವನೇ. ಆಮೇಲೆ ಎರಡು ವಾರ ಆ ಮೂವರಲ್ಲಿ ಒಬ್ಬರು ನಾನು ಕಂಡಾಗಲೆಲ್ಲ 'ಸಿಕ್ಕಿದ್ನಾ?' ಅಂತ ಕೇಳುತ್ತಿದ್ದರು. ಲಾಟರಿ ಅಂದವರೇ.

ನಿಮ್ಮ ಆಫೀಸಿನವರ ಜೊತೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಸುಮ್ನೆ ಎದ್ದು ಹೋಗಬೇಡಿ, ಭಾಷಣವನ್ನೂ ಮಾಡಬೇಡಿ. ಸತ್ತವರಲ್ಲಿ ಒಬ್ಬರ ಬಗ್ಗೆ ನಿಮಗೆ ಏನಾದರೂ ನಿಜ ಗೊತ್ತಿದ್ದರೆ ಅದನ್ನು ಹೇಳಿ. ಯಾವ ಊರು, ಏನು ಕೆಲಸ, ಎಲ್ಲಿಗೆ ಹೊರಟಿದ್ದರು. ಎಲ್ಲರೂ ಕೇಳಿಸಿಕೊಳ್ಳುತ್ತಾರೆ ಅಂತ ನಾನು ಹೇಳೋದಿಲ್ಲ. ಕಟ್ಟಡದ ಫೋಟೋ ಹಾಕಿದ ನಮ್ಮ ನೆಂಟರಿಗೆ ಅದು ದೇವಸ್ಥಾನ ಅಂತ ಫೋನ್ ಮಾಡಿಯೇ ಹೇಳಿದೆ. ಫೋಟೋ ತೆಗೆಯಲಿಲ್ಲ. ಈಗಲೂ ನಮಗೆ ಮಾತಿಲ್ಲ.

ಆ ಹುಡುಗ ಬದುಕಿರಲಿಲ್ಲ. ಗುರುತು ಸಿಗದ ದೇಹಗಳನ್ನು ಭುವನೇಶ್ವರದ ಏಮ್ಸ್‌ನಲ್ಲಿ ಇಟ್ಟಿದ್ದರು. ಅವನ ಅಪ್ಪ ಅಲ್ಲಿಗೆ ಹೋಗಿ ಡಿಎನ್‌ಎ ಪರೀಕ್ಷೆಗೆ ರಕ್ತ ಕೊಟ್ಟು ಬಂದರು. ಹೊಂದಿಕೆ ಆಯಿತು ಅಂತ ತಿಳಿಯೋಕೆ ವಾರಗಳೇ ಹಿಡಿದವು. ಅವರಿಗೆ ಮಗ ಸಿಕ್ಕಿದ. ಯಾರೂ ಬಾರದೆ ಉಳಿದ 28 ದೇಹಗಳನ್ನು ಅದೇ ಅಕ್ಟೋಬರ್‌ನಲ್ಲಿ ಅಲ್ಲಿನ ನಗರಪಾಲಿಕೆಯವರೇ ಸುಟ್ಟರು.

ದೀಪಾವಳಿ ಹೊತ್ತಿಗೆ ಚಿಕ್ಕಪ್ಪನ ಮಗ ಸ್ಟೋರಿಗೆ ಬಂದು, 'ಸಾರ್, ಅವನು ಸೈನ್ ಹಾಕಿದ್ದ ಪುಸ್ತಕ ಇದೆಯಾ? ದೊಡ್ಡಪ್ಪ ಕೇಳ್ತಿದ್ದಾರೆ' ಅಂದ. ಅದು ಕಂಪನಿಯ ರಿಜಿಸ್ಟರ್, ಕೊಡೋ ಹಾಗಿಲ್ಲ. ಪುಟದ ಫೋಟೋ ತೆಗೆದು ಕಳಿಸಿದೆ. ಗ್ರೈಂಡರ್, ರಬ್ಬರ್ ಸುತ್ತಿಗೆ, ರಸಮಟ್ಟ, ಹೆಲ್ಮೆಟ್ ನಂಬರ್ 47, ಬಂಗಾಳಿಯಲ್ಲಿ ಅವನ ಸಹಿ, ಪಕ್ಕದಲ್ಲಿ ನನ್ನ ಕೈಬರಹದಲ್ಲಿ ಅವನ ಹೆಸರು. ಅವನ ಅಪ್ಪ ಅದನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದಾರಂತೆ. ಕನ್ನಡದಲ್ಲಿ ಬರೆದಿರೋದು ಏನು ಅಂತ ಕೇಳಿದರಂತೆ. 'ಅದೂ ಅವನ ಹೆಸರೇ' ಅಂತ ಹೇಳು ಅಂದೆ.