ಕಿವಿ ಮುಚ್ಚಿಕೊಂಡ ಅಜ್ಜ, ತೆರೆಯದ ಪಿಟೀಲಿನ ಪೆಟ್ಟಿಗೆ

ನನ್ನಿಂದ ಆಪ್ತಸಲಹೆ ಪಡೆದ ಯುವತಿಯೊಬ್ಬಳ ಲಿಖಿತ ಒಪ್ಪಿಗೆ ಪಡೆದು, ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

18 ವರ್ಷದ ಈ ಯುವತಿ ತಾಯಿಯ ಒತ್ತಾಯಕ್ಕೆ ನನ್ನ ಬಳಿಗೆ ಬಂದಿದ್ದಳು. ತಂದಿದ್ದ ಪಿಟೀಲಿನ ಪೆಟ್ಟಿಗೆಯನ್ನು ಪಕ್ಕದ ಕುರ್ಚಿಯ ಮೇಲಿಡದೆ ಮಡಿಲಲ್ಲೇ ಇರಿಸಿಕೊಂಡು, ಮಾತಿನುದ್ದಕ್ಕೂ ಅದರ ಚಿಲಕವನ್ನು ಬೆರಳಿನಿಂದ ಸವರುತ್ತಿದ್ದಳೇ ಹೊರತು ಒಮ್ಮೆಯೂ ತೆರೆಯಲಿಲ್ಲ. ಚಿಕ್ಕಂದಿನಿಂದ ದಿನ ತಪ್ಪದೆ ನುಡಿಸುತ್ತಿದ್ದವಳು ಮೂರು ವಾರಗಳಿಂದ ಅದನ್ನು ಮುಟ್ಟಿರಲಿಲ್ಲ. "ನೋಡಿ ಮೇಡಂ, ಮೆತ್ತಗಾಗ್ತಾ ಇದೆ" ಎಂದು ಎಡಗೈಯ ಬೆರಳ ತುದಿಗಳನ್ನು ನನ್ನ ಮುಂದೆ ಹಿಡಿದಳು. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದ ಚರ್ಮ ಅಂಚಿನಲ್ಲಿ ಸಿಪ್ಪೆಯೇಳತೊಡಗಿತ್ತು.

ಆಕೆಯೂ ಮೂವರು ಗೆಳೆಯರೂ ಸೇರಿ, ಹಿರಿಯರ ವಸತಿ ಕೇಂದ್ರವೊಂದಕ್ಕೆ ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಹೋಗಿ, ಒಂದೂವರೆ ತಾಸು ಹಾಡು ಮತ್ತು ವಾದ್ಯಗಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಐದನೆಯ ಭೇಟಿಯಲ್ಲಿ, ಆಕೆ ತಾರಸ್ಥಾಯಿಯ ಸ್ವರವೊಂದನ್ನು ದೀರ್ಘವಾಗಿ ಎಳೆಯುತ್ತಿದ್ದಾಗ, ಪ್ರತಿಸಲವೂ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ ಅಜ್ಜನೊಬ್ಬರು ಎರಡೂ ಕಿವಿ ಮುಚ್ಚಿಕೊಂಡು "ಸಾಕು, ನಿಲ್ಲಿಸು" ಎಂದು ಕೂಗಿ, ಎದ್ದು ಹೊರಟುಹೋದರು. ಸಿಬ್ಬಂದಿಯೊಬ್ಬರು ಬಂದು "ಅವರು ಹಾಗೇ, ನೀವು ಮುಂದುವರಿಸಿ" ಎಂದರು. ಗೆಳೆಯರು ಮುಂದುವರಿಸಿದರು, ಈಕೆಯಿಂದ ಆಗಲಿಲ್ಲ. ಅಂದಿನಿಂದ ಮನೆಯಲ್ಲಿ ಕಮಾನು ಕೈಗೆತ್ತಿಕೊಂಡರೂ ಆ ಕೂಗೇ ಕಿವಿಯಲ್ಲಿ ಕೇಳಿಸುತ್ತದೆ, ಮಣಿಕಟ್ಟು ಬಿಗಿಯುತ್ತದೆ ಎಂದಳು.

"ಅದು ನಿಮ್ಮ ತಪ್ಪಲ್ಲ" ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು, ಆದರೆ ಆಡಲಿಲ್ಲ. ತಾಯಿ, ಗೆಳೆಯರು, ಗುರುಗಳು ಎಲ್ಲರೂ ಅದನ್ನೇ ಹೇಳಿಯಾಗಿತ್ತು. ಹೇಳಿದಷ್ಟೂ ಆಕೆ ಇನ್ನಷ್ಟು ಒಂಟಿಯಾಗಿದ್ದಳು. ಬದಲಿಗೆ ಒಂದು ಹಾಳೆಯ ಎಡಭಾಗದಲ್ಲಿ ಅಂದು ಕಣ್ಣು ಕಂಡದ್ದನ್ನು, ಕಿವಿ ಕೇಳಿದ್ದನ್ನು ಮಾತ್ರ ಬರೆಯಲು, ಬಲಭಾಗದಲ್ಲಿ ಅದಕ್ಕೆ ತನ್ನ ಮನಸ್ಸು ಕೊಟ್ಟ ಅರ್ಥವನ್ನು ಬರೆಯಲು ಹೇಳಿದೆ. ಎಡಭಾಗದಲ್ಲಿ ನಾಲ್ಕು ಸಾಲುಗಳಿದ್ದವು. ಬಲಭಾಗ ತುಂಬಿ ಹಾಳೆಯ ಹಿಂಬದಿಗೂ ಹರಿಯಿತು: ನನ್ನ ನುಡಿಕೆ ಅವರಿಗೆ ಹಿಂಸೆ, ಅವರ ಸಂಜೆಯನ್ನು ಹಾಳುಮಾಡಿದೆ, ಉಳಿದವರು ಚಪ್ಪಾಳೆ ತಟ್ಟಿದ್ದು ಸೌಜನ್ಯಕ್ಕೆ. ಕೊನೆಯ ಸಾಲು ಬೇರೆಯೇ ಇತ್ತು: "ಅಜ್ಜಿಗೂ ನಾನು ಏನೂ ಮಾಡಲಿಲ್ಲ."

ಎರಡನೆಯ ಭೇಟಿಯ ಹೆಚ್ಚಿನ ಹೊತ್ತು ಈ ಸಾಲಿಗೇ ಸಂದಿತು. ಎರಡು ವರ್ಷದ ಹಿಂದೆ ಹಾಸಿಗೆ ಹಿಡಿದಿದ್ದ ಅಜ್ಜಿ ಒಮ್ಮೆ ನುಡಿಸಿ ತೋರಿಸೆಂದು ಕೇಳಿದ್ದರು. ಪರೀಕ್ಷೆ ಮುಗಿಯಲೆಂದು ಈಕೆ ಮುಂದೂಡಿದ್ದಳು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. ಕೇಂದ್ರಕ್ಕೆ ಹೋಗುವ ಯೋಚನೆ ಹುಟ್ಟಿದ್ದೇ ಅಲ್ಲಿಂದ. ಋಣ ತೀರಿಸಲು ಹೊರಟವರಿಗೆ ಎದುರಿಗಿರುವವರ ಮುಖದ ನಗುವೇ ರಸೀದಿಯಾಗಿಬಿಡುತ್ತದೆ, ಮತ್ತು ಒಬ್ಬರು ಮುಖ ತಿರುಗಿಸಿದರೂ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಅಜ್ಜಿಯ ದುಃಖವನ್ನು ಅಜ್ಜಿಯದಾಗಿಯೇ ದುಃಖಿಸಲು ನಾವು ಆ ದಿನ ಸಮಯ ಮಾಡಿಕೊಂಡೆವು. ಅದರ ವಿವರ ಇಲ್ಲಿ ಬೇಡ.

ಆಕೆಯ ಒಪ್ಪಿಗೆಯ ಮೇರೆಗೆ ಕೇಂದ್ರದ ಸಂಯೋಜಕರೊಡನೆ ಮಾತನಾಡಿದೆ. ಅವರು ಆ ಹಿರಿಯರನ್ನೇ ಕೇಳಿ, ಅವರ ಅನುಮತಿ ಪಡೆದು ತಿಳಿಸಿದ್ದಿಷ್ಟು: ಅಜ್ಜನಿಗೆ ಆ ವಾರವಷ್ಟೇ ಹೊಸ ಶ್ರವಣ ಸಾಧನ ಹಾಕಲಾಗಿತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಶ್ರುತಿಗಳನ್ನು. ಹಾಗೆಂದು ಸದ್ದು ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆಯೆಂದಲ್ಲ. ಒಳಕಿವಿಯ ಕೋಶಗಳು ಸವೆದವರಿಗೆ ಮೆಲುದನಿ ಕೇಳಿಸುವುದೇ ಇಲ್ಲ, ಆದರೆ ಸದ್ದು ಸ್ವಲ್ಪ ಏರಿತೆಂದರೆ ಅದು ಹಠಾತ್ತನೆ ಅಸಹನೀಯವಾಗುತ್ತದೆ. ಶ್ರವಣ ಸಾಧನಗಳನ್ನು ಮುಖ್ಯವಾಗಿ ಮಾತಿಗೆಂದು ರೂಪಿಸಿರುತ್ತಾರೆ. ಸಾಧನದಲ್ಲಿ ಹುಟ್ಟುವ ಸೀಟಿಯಂಥ ಸದ್ದನ್ನು ಅಡಗಿಸುವ ವ್ಯವಸ್ಥೆ, ಕೊಳಲಿನದೋ ಪಿಟೀಲಿನದೋ ದೀರ್ಘ ಸ್ವರವನ್ನೂ ಸೀಟಿಯೆಂದೇ ತಪ್ಪಾಗಿ ತಿಳಿದು ಅದರೊಡನೆ ಸೆಣಸಿದಾಗ, ಕೇಳುವವರ ಕಿವಿಯಲ್ಲಿ ನಡುಗುವ, ವಿಕಾರವಾದ ದನಿಯೊಂದು ಏಳಬಹುದು. ಇದರ ಮೇಲೆ ಆ ಸಭಾಂಗಣದ ನೆಲ, ಗೋಡೆಗಳು ದನಿಯನ್ನು ಮರುಕಳಿಸುವಂಥವು, ಮತ್ತು ಹುಡುಗರು ಪಿಟೀಲಿಗೂ ಮೈಕ್ ಇಟ್ಟಿದ್ದರು. ಆಕೆ ನುಡಿಸಿದ್ದೂ ಅಜ್ಜ ಕೇಳಿದ್ದೂ ಒಂದೇ ಆಗಿರಲಿಲ್ಲ.

ಇದನ್ನು ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅವರಿಗೆ ನಿಜವಾಗ್ಲೂ ನೋವಾಗಿತ್ತು" ಎಂದಳು. ಆಕೆ ತನ್ನ ನೋವಿನಿಂದಾಚೆಗೆ ಅವರ ನೋವನ್ನು ಕಂಡದ್ದು ಆ ಕ್ಷಣದಲ್ಲಿ ಎಂದು ನನಗನ್ನಿಸುತ್ತದೆ.

ಇನ್ನೊಂದು ತೊಡಕೂ ಇತ್ತು. ಮರೆವಿನ ಕಾಯಿಲೆಯವರು ಹಳೆಯ ಹಾಡು ಕೇಳಿ ಥಟ್ಟನೆ ಮಾತಾಡುವ ವಿಡಿಯೋಗಳನ್ನು ಈ ಮಕ್ಕಳು ನೋಡಿದ್ದರು. ಅಂಥ ಪವಾಡ ತಮ್ಮಿಂದಲೂ ಆಗಬೇಕೆಂದು ಕಾದಿದ್ದರು. ಸಂಗೀತದ ನೆನಪು ಉಳಿದ ನೆನಪುಗಳಿಗಿಂತ ಹೆಚ್ಚು ಕಾಲ ಬಾಳುವುದುಂಟು. 1985ರಲ್ಲಿ ಮೆದುಳಿನ ಸೋಂಕಿನಿಂದ ನೆನಪಿನ ಶಕ್ತಿಯನ್ನೇ ಕಳೆದುಕೊಂಡ ಬ್ರಿಟನ್ನಿನ ಸಂಗೀತಗಾರ ಕ್ಲೈವ್ ವೇರಿಂಗ್, ಕ್ಷಣದ ಹಿಂದೆ ನಡೆದುದನ್ನು ಹಿಡಿದಿಟ್ಟುಕೊಳ್ಳಲಾಗದಿದ್ದರೂ ಪಿಯಾನೊ ನುಡಿಸಬಲ್ಲವರಾಗಿದ್ದರು. ಆದರೆ ನುಡಿಸುವುದು ನಿಂತೊಡನೆ ಅವರು ಮತ್ತೆ ಅದೇ ಮರೆವಿಗೆ ಮರಳುತ್ತಿದ್ದರು. ಸಂಗೀತ ಕೊಡುವುದು ಆ ಹೊತ್ತನ್ನು. ಅದು ಸಣ್ಣದಲ್ಲ, ಆದರೆ ಅದರಾಚೆಗಿನ ಹೊಣೆಯನ್ನು 18ರ ಹೆಗಲ ಮೇಲೆ ಯಾರೂ ಹೊರಿಸಬಾರದು. ಹಿರಿಯರನ್ನು ಸಂತೋಷಪಡಿಸುವುದು ನಿಮ್ಮ ಕೆಲಸವಲ್ಲ, ಹೇಳಿದ ದಿನ ಹೇಳಿದ ಹೊತ್ತಿಗೆ ಹೋಗಿ, ಅವರು ಕೇಳಬಲ್ಲ ರೀತಿಯಲ್ಲಿ ನುಡಿಸುವುದು ನಿಮ್ಮ ಕೆಲಸ ಎಂದು ಆಕೆಗೆ ನೇರವಾಗಿಯೇ ಹೇಳಿದೆ. ಸಂತೋಷ, ಬೇಸರ, ಕಣ್ಣೀರು, ನಿದ್ದೆ ಅವರವರಿಗೆ ಬಿಟ್ಟದ್ದು.

ಮೂರನೆಯ ಭೇಟಿಯಲ್ಲಿ ಕೊಟ್ಟ ಸಲಹೆ ಹೀಗಿತ್ತು. ಮೊದಲು ಪಿಟೀಲಿಲ್ಲದೆ ಹೋಗಿ, ಒಬ್ಬೊಬ್ಬರ ಪಕ್ಕದಲ್ಲಿ, ಮುಖ ಕಾಣುವಂತೆ ಕುಳಿತು, ಅವರ ಹರೆಯದ ಹಾಡುಗಳಾವುವು ಎಂದು ಕೇಳಿ ಬರೆದುಕೊಳ್ಳಬೇಕು. ಗಾಢವಾಗಿ ಉಳಿಯುವ ನೆನಪುಗಳಲ್ಲಿ ಬಹುಪಾಲು ಸುಮಾರು 10ರಿಂದ 30 ವಯಸ್ಸಿನ ನಡುವಿನವು. ಹುಡುಗರು 'ಹಳೆಯ ಹಾಡು' ಎಂದು ಆರಿಸಿಕೊಂಡಿದ್ದವು 1990ರ ದಶಕದವು, ಆದರೆ ಈಗ 80ರ ಆಸುಪಾಸಿನಲ್ಲಿರುವವರಿಗೆ 20 ತುಂಬಿದ್ದು 1960ರ ದಶಕದಲ್ಲಿ. ಮೈಕ್ ಬೇಡ, ಹತ್ತಿರ ಕುಳಿತರೆ ಸಾಕು. ಕೆಳಸ್ಥಾಯಿಯ ತಂತಿಗಳಲ್ಲಿ ಆರಂಭಿಸಿ, ಪ್ರತಿ ಹಾಡಿಗೂ ಮೊದಲು ಅದರ ಹೆಸರು ಹೇಳಿ, ಮುಗಿದ ಮೇಲೆ ಮಾತಿಗೆ ಬಿಡುವು ಕೊಡಬೇಕು. ಒಂದೂವರೆ ತಾಸು ಬಹಳವಾಯಿತು, 40 ನಿಮಿಷಕ್ಕೆ ಇಳಿಸಬೇಕು. ಮರೆವಿನ ಕಾಯಿಲೆಯಿರುವವರಲ್ಲಿ ಹಲವರಿಗೆ ಸಂಜೆಯ ಹೊತ್ತು ಕಳವಳ ಹೆಚ್ಚುವುದರಿಂದ ಕಾರ್ಯಕ್ರಮವನ್ನು ಬೆಳಿಗ್ಗೆಗೆ ಬದಲಿಸುವುದು ಒಳ್ಳೆಯದು. ಯಾರಾದರೂ ಅತ್ತರೆ ಅಥವಾ ಎದ್ದರೆ, ಥಟ್ಟನೆ ನಿಲ್ಲಿಸದೆ ದನಿ ತಗ್ಗಿಸಿ, ಸಿಬ್ಬಂದಿಗೆ ದಾರಿ ಬಿಡಬೇಕು. ಯಾಕೆ ಅಳುತ್ತೀರೆಂದು ಎಲ್ಲರೆದುರು ಕೇಳಬಾರದು. ಅಜ್ಜನ ಬಳಿ ಕ್ಷಮೆ ಕೇಳಬೇಕೆ ಎಂದು ಆಕೆ ಕೇಳಿದಳು. ಕ್ಷಮೆಗಿಂತ, ಯಾವ ದನಿ ಅವರಿಗೆ ಹಿತವೆಂದು ಕೇಳಿ ಎಂದೆ.

ಕೇಂದ್ರದ ಬಗ್ಗೆ ನನಗೆ ಬೇಸರವಿದೆ, ಅದನ್ನು ಸಂಯೋಜಕರಿಗೂ ತಿಳಿಸಿದ್ದೇನೆ. "ಅವರು ಹಾಗೇ" ಎಂಬ ಎರಡು ಪದಗಳು ಆ ಹಿರಿಯರ ನೋವನ್ನೂ ಈ ಹುಡುಗಿಯ ಗಾಬರಿಯನ್ನೂ ಒಟ್ಟಿಗೇ ಮುಚ್ಚಿಹಾಕಿದ್ದವು. ಸ್ವಯಂಸೇವಕರು ಪುಕ್ಕಟೆ ಬರುತ್ತಾರೆಂದು ಅವರಿಗೆ ಏನನ್ನೂ ಹೇಳದೆ ಒಳಬಿಡುವುದು ತಪ್ಪು. ಮೊದಲ ಭೇಟಿಗೆ ಮುನ್ನ ಅರ್ಧ ತಾಸು ತಿಳಿವಳಿಕೆ, ಪ್ರತಿ ಭೇಟಿಯ ನಂತರ ಹತ್ತು ನಿಮಿಷದ ಮಾತುಕತೆ, ಮತ್ತು ಕೇಳುಗರಲ್ಲೊಬ್ಬರು ತೀರಿಕೊಂಡರೆ ಆ ಸುದ್ದಿಯನ್ನು ಮಕ್ಕಳು ಖಾಲಿ ಕುರ್ಚಿಯಿಂದ ತಿಳಿಯದಂತೆ ಮುಂಚೆಯೇ ಹೇಳುವುದು, ಈ ಮೂರನ್ನು ಅವರು ಒಪ್ಪಿಕೊಂಡರು.

ಪಿಟೀಲಿಲ್ಲದ ಆ ಭೇಟಿಯಲ್ಲಿ ಅಜ್ಜ ಹೆಚ್ಚೇನೂ ಮಾತಾಡಲಿಲ್ಲವಂತೆ. ಸಾಧನವನ್ನು ಕಿವಿಯಿಂದ ತೆಗೆದು ಆಕೆಯ ಅಂಗೈ ಮೇಲಿಟ್ಟು, ಅದರ ಪುಟ್ಟ ಗುಂಡಿಯನ್ನು ತೋರಿಸಿ, "ಇದನ್ನ ಒತ್ತೋದು ಮರೆತುಹೋಗುತ್ತೆ" ಎಂದರಂತೆ. ಮುಂದಿನ ಕಾರ್ಯಕ್ರಮಕ್ಕೆ ಅವರು ಬಂದದ್ದು ಬಾಗಿಲ ಪಕ್ಕದ ಕುರ್ಚಿಗೆ. ಎರಡು ಹಾಡು ಕೇಳಿ ಎದ್ದುಹೋದರು. ಅದನ್ನು ಹೇಳುವಾಗ ಆಕೆಯ ದನಿ ನಡುಗಲಿಲ್ಲ. ನನ್ನೊಡನೆಯ ಐದನೆಯ ಭೇಟಿಯ ಕೊನೆಗೆ, ಒಂದು ತಿಂಗಳ ನಂತರದ ಶನಿವಾರ ಬೆಳಿಗ್ಗೆ ಬರಲಾದೀತೇ ಎಂದು ಕೇಳಿದೆ. ಆಕೆ ಫೋನಿನಲ್ಲಿ ದಿನಾಂಕ ನೋಡಿ, "ಆ ಶನಿವಾರ ಆಗಲ್ಲ ಮೇಡಂ, ನುಡಿಸೋಕೆ ಹೋಗ್ಬೇಕು" ಎಂದಳು. ಸೋಮವಾರಕ್ಕೆ ಬರೆದುಕೊಂಡೆ.