ಪ್ರತಿಕ್ರಿಯೆ: ಪಾವಗಡದ ಬಿಸಿಲು ಮತ್ತು ಹೊಣೆಯ ಲೆಕ್ಕ

ಪಾವಗಡದಲ್ಲಿ ಬಿಸಿಲು ಅಜ್ಜನ ಕಾಲದಿಂದಲೂ ಇದೆ, ಹಾಗಿರುವಾಗ ಭೂಮಿ ಬಿಸಿಯಾಗುತ್ತಿರುವುದು ಮನುಷ್ಯನಿಂದಲೇ ಎಂದು ಹೇಗೆ ಹೇಳುತ್ತಾರೆ, ಅದರಲ್ಲಿ ನಮ್ಮ ಹೊಣೆ ಎಷ್ಟು ಎಂದು ಕೇಳಿದ್ದೀರಿ.

ಒಂದು ಊರಿನ ಬೇಸಿಗೆಯಿಂದ ಇದನ್ನು ಅಳೆಯಲಾಗದು. ಇಡೀ ಭೂಮಿಯ ನೆಲ ಮತ್ತು ಕಡಲಿನ ಉಷ್ಣತೆಯನ್ನು 1850–1900ರ ಸರಾಸರಿಯೊಂದಿಗೆ ಹೋಲಿಸಿ, ಸೂರ್ಯ ಹಾಗೂ ಜ್ವಾಲಾಮುಖಿಗಳ ಪ್ರಭಾವವನ್ನು ಬೇರ್ಪಡಿಸಿದ ಮೇಲೆ, 2010–2019ರ ಹೊತ್ತಿಗೆ ಮನುಷ್ಯನಿಂದಾದ ಏರಿಕೆ ಸುಮಾರು 1.07 ಡಿಗ್ರಿ ಸೆಲ್ಸಿಯಸ್ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಅಂದಾಜಿಸಿತು. ನನಗೆ ಹೆಚ್ಚು ಮನವರಿಕೆಯಾದ ಸಾಕ್ಷ್ಯ ಬೇರೆ: ಸೂರ್ಯನೇ ಕಾರಣನಾಗಿದ್ದರೆ ವಾತಾವರಣದ ಮೇಲಿನ ಸ್ತರಗೋಳವೂ ಬಿಸಿಯಾಗಬೇಕಿತ್ತು, ಆದರೆ ಕೆಳಗೆ ಬಿಸಿಯೇರುತ್ತಿರುವಾಗಲೇ ಅದು ತಣ್ಣಗಾಗುತ್ತಿದೆ. ಇಂಗಾಲದ ಡೈಆಕ್ಸೈಡ್‌ನಂಥ ಶಾಖ ಹಿಡಿದಿಡುವ ಅನಿಲ ಹೆಚ್ಚಿದಾಗ ಆಗುವುದು ಹೀಗೆಯೇ.

ಇನ್ನು ಹೊಣೆ. ಈ ಇಂಗಾಲದ ಡೈಆಕ್ಸೈಡ್ ವಾತಾವರಣದಲ್ಲಿ ಶತಮಾನಗಳ ಕಾಲ ಉಳಿಯುವುದರಿಂದ ಹಳೆಯ ಬಾಕಿಯನ್ನೂ ಕೂಡಿಸಲೇಬೇಕು. ಕಲ್ಲಿದ್ದಲು, ತೈಲಗಳಿಂದ ಈವರೆಗೆ ಹೊಮ್ಮಿದ್ದರಲ್ಲಿ ಅಮೆರಿಕದ ಪಾಲು ಸುಮಾರು ಕಾಲು ಭಾಗ, ಭಾರತದ್ದು ಶೇ. 4ಕ್ಕಿಂತ ಕಡಿಮೆ. ಆದರೆ ಈಗಿನ ವಾರ್ಷಿಕ ಲೆಕ್ಕದಲ್ಲಿ ನಾವು ಮೂರನೆಯವರು, ಇದನ್ನು ಮರೆಮಾಚಬಾರದು. ದೇಶದ ಒಟ್ಟು ಲೆಕ್ಕವೂ ಪೂರ್ಣ ಸತ್ಯವಲ್ಲ, ದೇಶದೊಳಗೆ ಎಲ್ಲರ ಪಾಲು ಒಂದೇ ಅಲ್ಲ. ಪಾವಗಡದ ತಿರುಮಣಿ ಊರಿನ ಸುತ್ತ ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ಸೌರಫಲಕಗಳ ಸಾಲುಗಳಿವೆ. ಸುಮಾರು 13,000 ಎಕರೆಯ ಆ ಸೌರವಿದ್ಯುತ್ ಪಾರ್ಕಿನ 2,050 ಮೆಗಾವ್ಯಾಟ್ ಸಾಮರ್ಥ್ಯವನ್ನು ಲೆಕ್ಕಕ್ಕೆ ಹಿಡಿಯುವವರು, ಅಲ್ಲಿ ಕಳೆ ಕೀಳುತ್ತಿದ್ದ ಭೂರಹಿತ ಕೂಲಿಯವರ ಹೊಗೆ ಎಷ್ಟು ಅಲ್ಪವೆಂಬುದನ್ನೂ ಹಿಡಿಯಬೇಕು.